ಗೋಲ್ಕೊಂಡದ ಚಪ್ಪಾಳೆ, ಟೇಪಿನ ಹೆಡ್ಡು, ಯುಎಸ್‌ಬಿ ವೈರು: ದನಿ ತಡವಾಗೋ ಕಥೆ

ಊರಿಂದ ಯಾರಾದ್ರೂ ಹೈದರಾಬಾದಿಗೆ ಬಂದ್ರೆ ನಾವೆಲ್ಲ ಗೋಲ್ಕೊಂಡಕ್ಕೆ ಕರ್ಕೊಂಡು ಹೋಗ್ತೀವಿ. ಕೆಳಗೆ ಗುಮ್ಮಟದಡಿ ಗೈಡ್ ಚಪ್ಪಾಳೆ ತಟ್ಟಿದ್ರೆ ಮೇಲೆ ಬಾಲಾ ಹಿಸ್ಸಾರ್‌ನಲ್ಲಿ ಕೇಳುತ್ತೆ. ಗೈಡುಗಳು ಹೇಳೋ ಹಾಗೆ ದೂರ ಒಂದು ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಅಲ್ಲಿಗೆ ಚಪ್ಪಾಳೆ ಮೇಲೆ ಮುಟ್ಟೋಕೆ ಹತ್ತಿರ ಹತ್ತಿರ 3 ಸೆಕೆಂಡ್ ಬೇಕು. ಕುತುಬ್ ಶಾಹಿ ಕಾಲದ ಕಾವಲುಗಾರನಿಗೆ ಅದರಿಂದ ತೊಂದರೆ ಇರಲಿಲ್ಲ. ಸುದ್ದಿ ಮುಟ್ಟಿದ್ರೆ ಸಾಕಿತ್ತು, ಅದಕ್ಕೆ ಯಾರೂ ತಾಳ ಹಾಕಬೇಕಿರಲಿಲ್ಲ.

ನಮಗೆ ತಾಳ ಬೇಕು. ಮಿಯಾಪುರ, ಕೊಂಡಾಪುರದ ಫ್ಲ್ಯಾಟುಗಳಲ್ಲಿ ಶಿಫ್ಟ್ ಮುಗಿಸಿ, ರಾಜ್ಯೋತ್ಸವದ ಹಾಡಿಗೋ ತಮ್ಮ ಖುಷಿಗೋ ಕೀಬೋರ್ಡನ್ನ ಯುಎಸ್‌ಬಿ ಆಡಿಯೋ ಇಂಟರ್‌ಫೇಸಿಗೆ ಹಾಕಿ ರೆಕಾರ್ಡ್ ಮಾಡೋ ನಮ್ಮವರಿದ್ದಾರೆ. ಒತ್ತಿದ ಸ್ವರ ಹೆಡ್‌ಫೋನಿನಲ್ಲಿ ಚೂರು ತಡವಾಗಿ ಕೇಳುತ್ತೆ. ಕೈ ತಾನಾಗಿ ನಿಧಾನವಾಗುತ್ತೆ, ಲಯ ಜಾರುತ್ತೆ. ಕೆಲವರು ಹೊಸ ಲ್ಯಾಪ್‌ಟಾಪ್ ತಗೋತಾರೆ. ಇನ್ನು ಕೆಲವರು 'ಅಭ್ಯಾಸ ಬಿಟ್ಟುಹೋಯ್ತು, ಇನ್ನು ಆಗಲ್ಲ' ಅಂತ ವಾದ್ಯವನ್ನ ಅಟ್ಟಕ್ಕೆ ಹಾಕ್ತಾರೆ. ಆದರೆ ತಪ್ಪು ಅವರ ಕೈಯದ್ದಲ್ಲ. ಈ ಸಮಸ್ಯೆ ಕಂಪ್ಯೂಟರಿಗಿಂತ ಮೊದಲೇ ಸ್ಟುಡಿಯೋದಲ್ಲಿತ್ತು.

1950ರ ದಶಕದ ಅಮೆರಿಕ. ಗಿಟಾರ್ ವಾದಕ ಲೆಸ್ ಪಾಲ್ ಒಂದರ ಮೇಲೊಂದು ಪದರ ನುಡಿಸಿ ಹಾಡು ಕಟ್ಟುತ್ತಿದ್ದರು. ಟೇಪ್ ಯಂತ್ರದಲ್ಲಿ ರೆಕಾರ್ಡ್ ಹೆಡ್ ಮೊದಲು, ಪ್ಲೇ ಹೆಡ್ ಅದರ ಮುಂದೆ. ನಡುವೆ ಒಂದೂವರೆ ಇಂಚು ಇದ್ದು, ಟೇಪ್ ಸೆಕೆಂಡಿಗೆ 15 ಇಂಚು ಓಡಿದ್ರೆ, ಕೇಳೋ ಹಳೇ ಪದರಕ್ಕೂ ಬರೆಯೋ ಹೊಸ ಪದರಕ್ಕೂ 100 ಮಿಲಿಸೆಕೆಂಡ್ ಅಂತರ. ಆಂಪೆಕ್ಸ್ ಕಂಪನಿಯವರು ಇದಕ್ಕೆ ಟೇಪಿನ ವೇಗ ಹೆಚ್ಚಿಸಲಿಲ್ಲ. ಹಳೇ ಪದರವನ್ನ ರೆಕಾರ್ಡ್ ಹೆಡ್‌ನಿಂದಲೇ ಕೇಳಿಸಿದರು. ದನಿ ಸ್ವಲ್ಪ ಮಂಕು, ಸಮಯ ಮಾತ್ರ ಪಕ್ಕಾ. ಅದೇ ಸೆಲ್-ಸಿಂಕ್. ಆ ವ್ಯವಸ್ಥೆಯ ಎಂಟು ಟ್ರ್ಯಾಕಿನ ಯಂತ್ರ 1957ರಲ್ಲಿ ಲೆಸ್ ಪಾಲ್ ಕೈಸೇರಿತು.

ಯುಎಸ್‌ಬಿ ಬಂದದ್ದು 1996ರಲ್ಲಿ. ಇಂಟೆಲ್‌ನಲ್ಲಿ ಅದರ ಹಿಂದೆ ಇದ್ದವರಲ್ಲಿ ನಮ್ಮ ಬರೋಡಾದಲ್ಲಿ ಓದಿದ ಅಜಯ್ ಭಟ್ ಪ್ರಮುಖರು. ಅದರಲ್ಲಿ ಡೇಟಾ 1 ಮಿಲಿಸೆಕೆಂಡಿನ ಫ್ರೇಮುಗಳಲ್ಲಿ ಹೋಗ್ತಿತ್ತು. 2000ದ ಯುಎಸ್‌ಬಿ 2.0ದಲ್ಲಿ ಅದು 125 ಮೈಕ್ರೋಸೆಕೆಂಡಿಗೆ ಇಳಿಯಿತು. ಅಂದ್ರೆ ವೈರು ದೊಡ್ಡ ಕಳ್ಳ ಅಲ್ಲ. ಕಳ್ಳ ಇರೋದು ಬಫರ್‌ನಲ್ಲಿ. 48,000 ಸ್ಯಾಂಪಲ್ ರೇಟಿನಲ್ಲಿ 512 ಸ್ಯಾಂಪಲ್ ತುಂಬೋಕೆ 10.7 ಮಿಲಿಸೆಕೆಂಡ್. ಒಳಗೆ ಬರೋಕೆ ಒಮ್ಮೆ, ಹೊರಗೆ ಹೋಗೋಕೆ ಒಮ್ಮೆ, ಒಟ್ಟು 21. ನಿಮ್ಮ ವಾದ್ಯ 7 ಮೀಟರ್ ಆಚೆ ಕೂತು ನುಡಿದ ಹಾಗೆ! ಇದರ ಮೇಲೆ ವಿಂಡೋಸ್‌ನ ಸ್ವಂತ ಮಿಕ್ಸರ್ ಬೇರೆ. ಅದನ್ನ ತಪ್ಪಿಸೋಕೆ ಅಂತಲೇ ಜರ್ಮನಿಯ ಸ್ಟೈನ್‌ಬರ್ಗ್ 1997ರಲ್ಲಿ ಎಎಸ್‌ಐಒ ತಂದಿತು.

ಒಂದೇ ಸಮ ಹರಿಯೋ ಶ್ರುತಿಯಲ್ಲಿ, ಉದಾಹರಣೆಗೆ ಬೆಂಗಳೂರಿನ ರಾಡೆಲ್ ಎಲೆಕ್ಟ್ರಾನಿಕ್ ತಂಬೂರಿಯಲ್ಲಿ, ಈ ತಡ ಗೊತ್ತೇ ಆಗಲ್ಲ. ಮೃದಂಗದ ಪೆಟ್ಟಿನಲ್ಲಿ ತಕ್ಷಣ ಗೊತ್ತಾಗುತ್ತೆ.

ಬಫರ್ 128ಕ್ಕೆ ಇಳಿಸಿದ್ರೆ ಒಂದು ಕಡೆಗೆ 2.7 ಮಿಲಿಸೆಕೆಂಡ್, ಲ್ಯಾಪ್‌ಟಾಪ್ ಸೋತ್ರೆ ಪಟಪಟ ಸದ್ದು ಬರುತ್ತೆ. ಅದಕ್ಕಿಂತ ಮೊದಲು ಸೆಲ್-ಸಿಂಕ್ ನೆನಪಿಸಿಕೊಳ್ಳಿ: ರೆಕಾರ್ಡ್ ಆಗೋ ಜಾಗದಲ್ಲೇ ಕೇಳಿ. ಇಂಟರ್‌ಫೇಸ್ ಮೇಲಿನ ಡೈರೆಕ್ಟ್ ಮಾನಿಟರ್ ಬಟನ್ ಮಾಡೋದು ಅದನ್ನೇ. ದನಿ ಕಂಪ್ಯೂಟರಿಗೆ ಹೋಗಿ ಬರದೆ ನೇರ ಕಿವಿಗೆ ಬರುತ್ತೆ. ಸಾಫ್ಟ್‌ವೇರಿನಲ್ಲಿ ಆ ಟ್ರ್ಯಾಕಿನ ಮಾನಿಟರ್ ಆಫ್ ಮಾಡಿ, ಇಲ್ಲಾಂದ್ರೆ ಎರಡೆರಡು ಸಲ ಕೇಳುತ್ತೆ. ರಿವರ್ಬ್ ಆಮೇಲೆ ಹಾಕಿಕೊಳ್ಳಿ.

ರೆಕಾರ್ಡ್ ಆದದ್ದೂ ಹಿಂದೆ ಬಿದ್ದಿದ್ರೆ ಇಂಟರ್‌ಫೇಸಿನ ಔಟ್‌ಪುಟ್ಟನ್ನ ಇನ್‌ಪುಟ್ಟಿಗೇ ಸೇರಿಸಿ, ಒಂದು 'ಟಿಕ್' ರೆಕಾರ್ಡ್ ಮಾಡಿ, ಎಷ್ಟು ಸ್ಯಾಂಪಲ್ ತಡ ಅಂತ ಎಣಿಸಿ. ಅಷ್ಟನ್ನು ಆಫ್‌ಸೆಟ್‌ನಲ್ಲಿ ಹಾಕಿ. ಇಷ್ಟು ಮಾಡಿದ ಮೇಲೂ ಲಯ ಜಾರಿದ್ರೆ ಮಾತ್ರ ಕೈಯನ್ನ ಅನುಮಾನಿಸಿ. ಅದಕ್ಕೆ ಬೇಕಾದ್ದು ಸಾಧನೆ, ಹೊಸ ಲ್ಯಾಪ್‌ಟಾಪ್ ಅಲ್ಲ.