ಕ್ಲೋಸ್‌ಪೇಟೆಯ ಬಂಡೆ, ಪೇತ್ರರ ಬಂಡೆ



ಜೂನ್ 29 ಸಂತ ಪೇತ್ರ ಹಾಗೂ ಪೌಲರ ಮಹೋತ್ಸವ. ಈ ಹಬ್ಬ ಬಂದಾಗಲೆಲ್ಲ ನನಗೊಂದು ಕುಟುಂಬದ ನೆನಪಾಗುತ್ತದೆ. ಅಜ್ಜಿಯ ಜ್ಞಾನಸ್ನಾನದ ಪತ್ರದಲ್ಲಿ ಹುಟ್ಟೂರು ‘ಕ್ಲೋಸ್‌ಪೇಟೆ’ ಎಂದಿತ್ತು. ಕಚೇರಿಯೊಂದರಲ್ಲಿ, ಇಂಥ ಊರೇ ಇಲ್ಲವೆಂದು ಹಿಂದಕ್ಕೆ ಕಳುಹಿಸಿದರಂತೆ. ಅಜ್ಜಿಯೋ, ಹುಟ್ಟಿದ ಅದೇ ಊರಿನಲ್ಲಿ, ರಾಮನಗರದಲ್ಲೇ ಇದ್ದಾರೆ!

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಮೈಸೂರಿಗೆ ಬ್ರಿಟಿಷ್ ರೆಸಿಡೆಂಟರಾಗಿ ಬಂದವರು ಬ್ಯಾರಿ ಕ್ಲೋಸ್. 1800ರಲ್ಲಿ ದಿವಾನ್ ಪೂರ್ಣಯ್ಯನವರು ಬೆಂಗಳೂರು–ಶ್ರೀರಂಗಪಟ್ಟಣ ರಸ್ತೆಯಲ್ಲಿ, ಅರ್ಕಾವತಿಯ ದಂಡೆಗೆ ಪೇಟೆ ಕಟ್ಟಿಸಿ ಆತನ ಹೆಸರಿಟ್ಟರು. ಪದದ ಮೊದಲಲ್ಲೇ ಒತ್ತಕ್ಷರ ಬಂದರೆ ನಮ್ಮ ನಾಲಿಗೆಗೆ ತೊಡಕು. ಜನ ಅದನ್ನು ಬಿಡಿಸಿ ‘ಕಲೀಸ್‌ಪೇಟೆ’ ಮಾಡಿಕೊಂಡರು. ದೊರೆ ಕಳೆದುಹೋದ, ಪೇಟೆ ಉಳಿಯಿತು. ಸ್ವಾತಂತ್ರ್ಯಾನಂತರ ಕೆಂಗಲ್ ಹನುಮಂತಯ್ಯನವರ ಆಸಕ್ತಿಯಿಂದ ಅದು ರಾಮನಗರವಾಯಿತು. ಕಾನಕಾನಹಳ್ಳಿಯೂ ಹೀಗೆಯೇ ಕನಕಪುರವಾದದ್ದು. 2007ರಲ್ಲಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರು ಬಂತು, ಊರಿನ ಹೆಸರು ಹಾಗೇ ಇದೆ.

ಆದರೆ ಭೂವಿಜ್ಞಾನಿಗಳಿಗೆ ನಮ್ಮ ಬೆಟ್ಟಗಳು ಇಂದಿಗೂ ‘ಕ್ಲೋಸ್‌ಪೇಟೆ ಗ್ರಾನೈಟ್’. ಸುಮಾರು 250 ಕೋಟಿ ವರ್ಷಗಳ ಈ ಶಿಲೆ ನಾನೂರು ಕಿಲೋಮೀಟರಿನಷ್ಟು ಉದ್ದಕ್ಕೆ ಹಬ್ಬಿದೆ. ಊರಿನ ಫಲಕದಿಂದ ಅಳಿದ ಹೆಸರು ಬಂಡೆಗೆ ಅಂಟಿಕೊಂಡಿದೆ.

ಪ್ರಭು ಯೇಸು ಸಿಮೋನನಿಗಿಟ್ಟ ಹೆಸರೂ ಬಂಡೆಯೇ. ಅರಮಾಯಿಕ್ ಭಾಷೆಯ ಕೇಫ, ಗ್ರೀಕಿನಲ್ಲಿ ಪೆತ್ರೋಸ್ ಆಯಿತು. ನಮ್ಮ ಹಿರಿಯರು ಆ ಸಂತರನ್ನು ರಾಯಪ್ಪ ಎಂದು ಕರೆದರು. ಪೌಲ ಎಂದರೆ ಲತೀನಿನಲ್ಲಿ ಚಿಕ್ಕವನು, ಆದ್ದರಿಂದ ಚಿನ್ನಪ್ಪ. ಇಗ್ನಾಸಿಯವರು ಇನ್ನಾಸಪ್ಪ, ಕ್ಸೇವಿಯರ್ ಚೌರಪ್ಪ. ಎಷ್ಟು ಚೆಂದದ ಹೆಸರುಗಳು! ಈಗಿನ ಮಕ್ಕಳು ಅಜ್ಜನ ಹೆಸರು ಹೇಳಲು ಯಾಕೋ ಹಿಂಜರಿಯುತ್ತಾರೆ.

ಪೇತ್ರರಿಗೂ ಈ ಪೇಚು ಬಂದಿತ್ತು. ಪ್ರಧಾನಯಾಜಕನ ಅಂಗಳದಲ್ಲಿ ಅವರ ಗುರುತು ಬಿಟ್ಟುಕೊಟ್ಟದ್ದು ಮುಖವಲ್ಲ, ಮಾತಿನ ಧಾಟಿ (ಮತ್ತಾಯ 26:73). ಗಲಿಲೇಯದ ಆ ಉಚ್ಚಾರಣೆಯಲ್ಲೇ ಅವರು ಪ್ರಭುವನ್ನು ಅಲ್ಲಗಳೆದರು. ಐವತ್ತು ದಿನ ಕಳೆದ ಮೇಲೆ, ಪಂಚಾಶತ್ತಮದಂದು, ಯೆರೂಸಲೇಮಿನ ಬೀದಿಯಲ್ಲಿ ನಿಂತು ಸಾರಿದಾಗಲೂ ಅವರು ಗಲಿಲೇಯದವರೆಂದು ಜನ ಗುರುತಿಸಿದ್ದರು. ಈ ಸಲ ಪೇತ್ರರು ಹಿಂದೆ ಸರಿಯಲಿಲ್ಲ.

ಅಜ್ಜಿಯ ವಿಷಯ: ಕ್ಲೋಸ್‌ಪೇಟೆ ಎಂದರೆ ಇಂದಿನ ರಾಮನಗರವೆಂದು ಪತ್ರ ಬರೆದು, ಧರ್ಮಕೇಂದ್ರದ ಮೊಹರು ಒತ್ತಿ ಕೊಟ್ಟೆ. ಕೆಲಸವಾಯಿತು. ದಾಖಲೆ ಪುಸ್ತಕವನ್ನು ಮಾತ್ರ ತಿದ್ದಲಿಲ್ಲ.