ಅಕ್ಷರ ಒಂದೆಡೆ, ಬಣ್ಣ ಇನ್ನೊಂದೆಡೆ

ಹೊರನಾಡಿನಲ್ಲಿ ಹುಟ್ಟಿದ ನಮ್ಮ ಮಕ್ಕಳು ಕನ್ನಡ ನಾಟಕ, ಸಿನಿಮಾ ನೋಡುವುದು ಬಹುಪಾಲು ತೆರೆಯ ಅಡಿಯಲ್ಲಿ ಮೂಡುವ ಇಂಗ್ಲಿಷ್ ಸಾಲುಗಳ ಆಸರೆಯಿಂದ. ಆ ಅಡಿಬರಹಕ್ಕೂ ಒಂದು ಚರಿತ್ರೆಯಿದೆ. ಅದನ್ನು ನಾವು ಅರಿತದ್ದು ಒಂದು ಪೇಚಾಟದಿಂದ.

ಫಿಲ್ಮಿನ ಕಾಲದಲ್ಲಿ ಅದರ ಮೇಲ್ಪದರವನ್ನು ರಾಸಾಯನಿಕದಿಂದಲೋ, ಮುಂದೆ ಲೇಸರ್ ಕಿರಣದಿಂದಲೋ ಕೊರೆದು ಅಕ್ಷರ ಮೂಡಿಸುತ್ತಿದ್ದರು. ಕೊರೆದ ಕಡೆ ದೀಪದ ಬೆಳಕು ಹಾಯ್ದು ಅಕ್ಷರ ಬೆಳ್ಳಗೆ ಕಾಣುತ್ತಿತ್ತು. ಬಿಳಿ ಪಂಚೆ ಉಟ್ಟ ಪಾತ್ರ ಎದುರಾದರೆ ಮಾತು ಪಂಚೆಯಲ್ಲೇ ಕರಗುತ್ತಿತ್ತು! ಆದರೆ ಅಕ್ಷರ, ಚಿತ್ರ ಎರಡೂ ಒಂದೇ ಪಟ್ಟಿಯ ಮೇಲಿದ್ದುದರಿಂದ ಬಣ್ಣ ತಪ್ಪುವ ಭಯವಿರಲಿಲ್ಲ.

1996ರಲ್ಲಿ ಜಪಾನಿಗೂ 1997ರಲ್ಲಿ ಅಮೆರಿಕಕ್ಕೂ ಬಂದ ಡಿ.ವಿ.ಡಿ. ಈ ನಂಟನ್ನು ಬಿಡಿಸಿತು. ಅದರಲ್ಲಿ ಒಂದು ಚಿತ್ರಕ್ಕೆ 32 ಅಡಿಬರಹಗಳವರೆಗೆ ಎಡೆಯುಂಟು. ಪ್ರತಿ ಸಾಲೂ ಅಕ್ಷರವಾಗಿ ಅಲ್ಲ, ಪುಟ್ಟ ಚಿತ್ರವಾಗಿ ಕೂರುತ್ತದೆ. ಹಾಗಾಗಿ ನಮ್ಮ ಒತ್ತಕ್ಷರಗಳಿಗೂ ಅಲ್ಲಿ ತೊಡಕಿಲ್ಲ. ಆದರೆ ಆ ಚಿತ್ರದಲ್ಲಿ ಬಣ್ಣವಿಲ್ಲ, ಬಣ್ಣದ ಸಂಖ್ಯೆ ಮಾತ್ರ ಇದೆ. ನಿಜವಾದ 16 ಬಣ್ಣಗಳ ಪಟ್ಟಿ ಐ.ಎಫ್.ಒ. ಎಂಬ ಬೇರೆ ಕಡತದಲ್ಲಿದೆ; ಅದರಿಂದ ಒಂದು ಸಾಲಿಗೆ ನಾಲ್ಕನ್ನು ಆರಿಸಿಕೊಳ್ಳಬಹುದು. ರಂಗೋಲಿಯ ಗೆರೆ ಅಂಗಳದಲ್ಲಿ, ಬಣ್ಣದ ಬಟ್ಟಲು ಒಳಮನೆಯಲ್ಲಿ ಇದ್ದಂತೆ.

2005ರಲ್ಲಿ ನಾವು ಸಂಘದ ನಾಟಕವನ್ನು ಡಿ.ವಿ.ಡಿ.ಗೆ ಇಳಿಸಿದೆವು. ಮೊದಲ ಅಂಕ ಚೆನ್ನಾಗಿಯೇ ಬಂತು. ಎರಡನೆಯ ಅಂಕದಲ್ಲಿ ಅಜ್ಜಿ ಸಾಯುವ ದೃಶ್ಯ. ಬಿಳಿ ಅಕ್ಷರ ಗುಲಾಬಿಯಾಗಿ, ಕಪ್ಪು ಅಂಚು ಹಸಿರಾಗಿ ಕಂಡಿತು. ಮಕ್ಕಳು ಗೊಳ್ಳೆಂದು ನಕ್ಕರು. ಅನುವಾದಿಸಿ ಟೈಪು ಮಾಡಿದ್ದ ಸೋದರಿಯ ಮೇಲೆ ನಾವು ತಪ್ಪು ಹೊರಿಸಿದೆವು. ಅವರು ಮರುಮಾತಾಡದೆ ಎಲ್ಲ ಸಾಲುಗಳನ್ನೂ ಮತ್ತೆ ಟೈಪು ಮಾಡಿಕೊಟ್ಟರು. ಮತ್ತೆ ಅದೇ ಗುಲಾಬಿ, ಅದೇ ಹಸಿರು!

ಕಾರಣ ಕೊನೆಗೆ ಬಣ್ಣದ ಪಟ್ಟಿಯಲ್ಲಿ ಸಿಕ್ಕಿತು. ಕಂಪ್ಯೂಟರು ಬಣ್ಣವನ್ನು ಕೆಂಪು, ಹಸಿರು, ನೀಲಿ ಎಂದು ಅಳೆಯುತ್ತದೆ. ಡಿ.ವಿ.ಡಿ.ಯ ಲೆಕ್ಕವೇ ಬೇರೆ: ಹೊಳಪಿಗೆ ಒಂದು ಸಂಖ್ಯೆ, ವರ್ಣಕ್ಕೆ ಎರಡು. ಕಂಪ್ಯೂಟರಿನ ಬಿಳುಪು 255, 255, 255, ಡಿ.ವಿ.ಡಿ.ಯ ಬಿಳುಪು 235, 128, 128. ಅಲ್ಲಿನ ಕಪ್ಪು ಮೂರು ಸೊನ್ನೆ; ಇಲ್ಲಿನ ಕಪ್ಪು 16, 128, 128. ಎರಡನೆಯ ಅಂಕದ ಪಟ್ಟಿಯಲ್ಲಿ ಕಂಪ್ಯೂಟರಿನ ಸಂಖ್ಯೆಗಳೇ ಕುಳಿತಿದ್ದವು. ಅವನ್ನು ಕೂರಿಸಿದವರು ನಾವೇ! ಐ.ಎಫ್.ಒ. ಕಡತದಲ್ಲೂ ಅದರ ನಕಲಾದ ಬಿ.ಯು.ಪಿ. ಕಡತದಲ್ಲೂ ಸಂಖ್ಯೆಗಳನ್ನು ತಿದ್ದಿದೆವು. ಒಂದಕ್ಷರವನ್ನೂ ಮುಟ್ಟದೆ ಬಣ್ಣ ಸರಿಹೋಯಿತು. ಮರುದಿನವೇ ಆ ಸೋದರಿಯ ಮನೆಗೆ ಹೋಗಿ ಕ್ಷಮೆ ಕೇಳಿದೆವು.

2006ರಲ್ಲಿ ಬಂದ ಬ್ಲೂ-ರೇ ತಟ್ಟೆಯಲ್ಲಿ ಬಣ್ಣದ ಪಟ್ಟಿ ಅಡಿಬರಹದ ಜೊತೆಯಲ್ಲೇ ಸಾಗುತ್ತದೆ. ಆದರೆ ನಮ್ಮ ಮದುವೆ, ನಾಟಕ, ಯುಗಾದಿಗಳೆಲ್ಲ ಇರುವುದು ಹಳೆಯ ಡಿ.ವಿ.ಡಿ.ಗಳಲ್ಲಿ. ಸದಸ್ಯರು ಅವನ್ನು ಕಂಪ್ಯೂಟರಿಗೆ ಇಳಿಸುವಾಗ ಚಿತ್ರವಿರುವ ದೊಡ್ಡ ಕಡತಗಳನ್ನಷ್ಟೇ ಎತ್ತಿಕೊಂಡು, ಜೊತೆಗಿರುವ ಚಿಕ್ಕ ಕಡತಗಳನ್ನು ಕಸವೆಂದು ಬಿಡಬಾರದು. ಬಣ್ಣವಿರುವುದು ಅವುಗಳಲ್ಲಿ. ಮೊಮ್ಮಕ್ಕಳು ಅಜ್ಜಿಯ ಕೊನೆಯ ಮಾತನ್ನು ನಗದೆ ಓದಬೇಕಾದರೆ ಅವೂ ಉಳಿಯಬೇಕು.