ಲೆಕ್ಕಕ್ಕೆ ಸಿಗದ ಏಳು ಪಾಲು: ಆರ್ಜಿರೋಡೈಟ್ ಖನಿಜದ ಗುರುತು ಮತ್ತು ಸಂಗ್ರಹ

ಜರ್ಮನಿಯ ಸ್ಯಾಕ್ಸನಿಯಲ್ಲಿರುವ ಫ್ರೈಬರ್ಗ್ ಶತಮಾನಗಳ ಕಾಲ ಬೆಳ್ಳಿ ತೆಗೆದ ಊರು. 1765ರಲ್ಲಿ ಅಲ್ಲಿ ಗಣಿ ಅಕಾಡೆಮಿ ಶುರುವಾಯಿತು. ಅದಿರುಗಳನ್ನು ಅಷ್ಟು ಕೂಲಂಕಷವಾಗಿ ಓದಿದ ಊರುಗಳು ಕಡಿಮೆ. ಅಂಥ ಊರಿನ ಹಿಮ್ಮೆಲ್ಸ್‌ಫ್ಯೂರ್ಸ್ಟ್ ಗಣಿಯಲ್ಲಿ 1885ರಲ್ಲಿ ಹೊಸ ಖನಿಜವೊಂದು ಸಿಕ್ಕಿತು. ಅದನ್ನು ಗುರುತಿಸಿದ ಖನಿಜಶಾಸ್ತ್ರದ ಪ್ರಾಧ್ಯಾಪಕ ಆಲ್ಬಿನ್ ವೈಸ್‌ಬಾಖ್, ಬೆಳ್ಳಿ ತುಂಬಿದ್ದು ಎಂಬರ್ಥದ ಗ್ರೀಕ್ ಪದದಿಂದ ಆರ್ಜಿರೋಡೈಟ್ ಎಂದು ಹೆಸರಿಟ್ಟರು. ಈ ಖನಿಜದ ಚರಿತ್ರೆಯಲ್ಲಿ ಪತ್ತೆಯನ್ನೂ ಸಂಗ್ರಹವನ್ನೂ ಬೇರೆಬೇರೆಯಾಗಿ ನೋಡಲಾಗದು ಎಂಬುದು ಈ ಲೇಖನದ ವಾದ.

ಮೊದಲ ಪರೀಕ್ಷೆ ಊದುಗೊಳವೆಯದು. ನಮ್ಮ ಅಕ್ಕಸಾಲಿಗರ ಊದುಗೊಳವೆಗೆ ಹತ್ತಿರದ ಸಾಧನ. ಅದು ಬೆಳ್ಳಿ, ಗಂಧಕಗಳನ್ನು ತೋರಿತು, ಜೊತೆಗೆ ಪಾದರಸದ ಸುಳಿವನ್ನೂ. ಆಮೇಲೆ ಚೂರು ರಸಾಯನಶಾಸ್ತ್ರಜ್ಞ ಕ್ಲೆಮೆನ್ಸ್ ವಿಂಕ್ಲರ್ ಕೈಸೇರಿತು. ಬೆಳ್ಳಿ ಶೇ. 74.72, ಗಂಧಕ ಶೇ. 17.13, ಕಬ್ಬಿಣ, ಸತು, ಪಾದರಸಗಳ ಅಲ್ಪಾಂಶ. ಎಷ್ಟು ಸಲ ಕೂಡಿದರೂ ಮೊತ್ತ ಶೇ. 93ರ ಆಸುಪಾಸಿನಲ್ಲೇ ನಿಲ್ಲುತ್ತಿತ್ತು. ಸುಮಾರು ಏಳು ಪಾಲು ಎಲ್ಲಿ ಹೋಯಿತು? ಈ ಕೊರತೆಯನ್ನು ವಿಂಕ್ಲರ್ ತಮ್ಮ ಕೈತಪ್ಪೆಂದು ಬಗೆದು ಬಿಟ್ಟುಬಿಡಲಿಲ್ಲ. ಖನಿಜವನ್ನು ಸೋಡಾ ಮತ್ತು ಗಂಧಕದ ಜೊತೆ ಕರಗಿಸಿ, ನೀರಿಗೆ ಇಳಿಸಿ, ಆರ್ಸೆನಿಕ್, ಆಂಟಿಮನಿಗಳ ಸಲ್ಫೈಡುಗಳನ್ನು ಸೋಸಿ ತೆಗೆದರು. ಉಳಿದ ದ್ರಾವಣಕ್ಕೆ ಹೈಡ್ರೋಕ್ಲೋರಿಕ್ ಆಮ್ಲವನ್ನು ಧಾರಾಳವಾಗಿ ಸುರಿದಾಗ ಬಿಳಿಯ ಗಸಿ ಇಳಿಯಿತು. ಆರ್ಸೆನಿಕ್ ಸಲ್ಫೈಡಿನದು ಹಳದಿ, ಆಂಟಿಮನಿಯದು ಕಿತ್ತಳೆ. ಈ ಬಿಳಿ ಅವೆರಡರದ್ದೂ ಅಲ್ಲ. 1886ರ ಫೆಬ್ರವರಿ 6ರಂದು ಹೊಸ ಧಾತು ಕೈಗೆ ಬಂತು: ಜರ್ಮೇನಿಯಮ್.

ರಷ್ಯಾದ ರಸಾಯನಶಾಸ್ತ್ರಜ್ಞ ಮೆಂಡೆಲೀವ್ 1871ರಲ್ಲೇ ಏಕ-ಸಿಲಿಕಾನ್ ಎಂಬ ಖಾಲಿ ಮನೆಯನ್ನು ಧಾತುಗಳ ಆವರ್ತ ಕೋಷ್ಟಕದಲ್ಲಿ ಬಿಟ್ಟಿದ್ದರು. ಆ ಮನೆ ಜರ್ಮೇನಿಯಮ್‌ನದೇ: ಊಹಿಸಿದ ಪರಮಾಣು ತೂಕ 72, ವಿಂಕ್ಲರ್ ಅಳೆದದ್ದು 72.32. ಆದರೆ ಹೊಸ ಧಾತುವಿನ ಜಾಗ ಮೊದಲಿಗೆ ಇವರಿಬ್ಬರಿಗೂ ಸರಿಯಾಗಿ ಕಾಣಲಿಲ್ಲ. ವಿಂಕ್ಲರ್ ಅದನ್ನು ಆಂಟಿಮನಿಯ ಪಕ್ಕಕ್ಕೆ ಕೂರಿಸಿದರು, ಸ್ವತಃ ಮೆಂಡೆಲೀವ್ ಕ್ಯಾಡ್ಮಿಯಮ್ ಕಡೆಗೆ ಕೈತೋರಿದರು. ಪಠ್ಯಪುಸ್ತಕಗಳು ಈ ತಡವರಿಕೆಯನ್ನು ಕೈಬಿಟ್ಟು ಭವಿಷ್ಯವಾಣಿಯನ್ನು ಮಾತ್ರ ಉಳಿಸಿಕೊಂಡಿವೆ.

ಖನಿಜದ ಸೂತ್ರವನ್ನೂ ವಿಂಕ್ಲರ್ ಸರಿಯಾಗಿ ಹಿಡಿದಿರಲಿಲ್ಲ. ಎಂಟು ಬೆಳ್ಳಿ, ಒಂದು ಜರ್ಮೇನಿಯಮ್, ಆರು ಗಂಧಕ ಎಂದು ತಿದ್ದಿದವರು ಅಮೆರಿಕದ ಎಸ್. ಎಲ್. ಪೆನ್‌ಫೀಲ್ಡ್. ಆ ಲೆಕ್ಕದಲ್ಲಿ ಜರ್ಮೇನಿಯಮ್ ಶೇ. 6.4ರಷ್ಟು. 1893ರಲ್ಲಿ ಅವರು ಬೊಲಿವಿಯಾದ ಮಾದರಿಯೊಂದನ್ನು ಹೊಸ ಜರ್ಮೇನಿಯಮ್ ಖನಿಜವೆಂದು ಬಗೆದು ಕ್ಯಾನ್‌ಫೀಲ್ಡೈಟ್ ಎಂದು ಕರೆದರು. ಅದು ಆರ್ಜಿರೋಡೈಟೇ ಎಂದು ಮರುವರ್ಷ ಮನವರಿಕೆಯಾದಾಗ, ಆ ಹೆಸರನ್ನು ಜರ್ಮೇನಿಯಮ್ ಬದಲು ತವರವಿರುವ ಸೋದರ ಖನಿಜಕ್ಕೆ ವರ್ಗಾಯಿಸಿದರು. ಇನ್ನೂ ಕುತೂಹಲದ್ದು ಫ್ರೈಬರ್ಗ್‌ನವರೇ ಆದ ಬ್ರೈಟ್‌ಹೌಪ್ಟ್ ಹಿಂದೆಯೇ ವರ್ಣಿಸಿದ್ದ ಪ್ಲೂಸಿಂಗ್ಲಾನ್ಸ್ ಖನಿಜದ ಕಥೆ. ಅದೂ ಆರ್ಜಿರೋಡೈಟೇ ಎಂದು ಆಮೇಲೆ ತಿಳಿಯಿತು. ಹೊಸ ಧಾತು ಬೇರೆ ಹೆಸರಿನ ಚೀಟಿ ಹೊತ್ತು ಕಪಾಟಿನಲ್ಲೇ ಕೂತಿತ್ತು.

ಹೊರನೋಟದ ಗುರುತುಗಳು ಒಂದು ಹಂತದವರೆಗೆ ನಡೆಸುತ್ತವೆ. ಹೊಸದಾಗಿ ಒಡೆದ ಮೈ ಉಕ್ಕಿನ ಬೂದು, ಅದರಲ್ಲಿ ನಸುಗೆಂಪಿನ ಛಾಯೆ, ಬರಬರುತ್ತ ಕಪ್ಪು. ಒರೆಯ ಗೀರು ಬೂದುಗಪ್ಪು. ಗಡಸುತನ 2.5, ಸಾಂದ್ರತೆ 6.2ರ ಹತ್ತಿರ. ದೇವರ ಮನೆಯ ಬೆಳ್ಳಿದೀಪದ ಕಪ್ಪು ಬೆಳ್ಳಿಯ ಸಲ್ಫೈಡ್. ಅದೇ ಸಂಯೋಜನೆಯ ಖನಿಜ ಅಕಾಂಥೈಟ್. ಮೋಸ ಮೊದಲು ಆಗುವುದು ಅದರಿಂದಲೇ. ಆದರೆ ಅಕಾಂಥೈಟ್ ಸಾಂದ್ರತೆ 7ಕ್ಕೂ ಮೇಲು, ಚಾಕುವಿಗೆ ಸೀಸದಂತೆ ಸೀಳುತ್ತದೆ, ಆರ್ಜಿರೋಡೈಟ್ ಪುಡಿಯಾಗುತ್ತದೆ. ಹರಳಿನ ಆಕಾರವನ್ನು ನಂಬುವಂತಿಲ್ಲ: ಘನಾಕೃತಿ ವರ್ಗದ ಅಷ್ಟಮುಖಿಯಂತೆ ಕಂಡರೂ ಕೋಣೆಯ ಉಷ್ಣತೆಯಲ್ಲಿ ಒಳರಚನೆ ಆರ್ಥೋರಾಂಬಿಕ್, ಅಂದರೆ ಮೂರು ಅಕ್ಷಗಳೂ ಅಸಮಾನ. ಕ್ಯಾನ್‌ಫೀಲ್ಡೈಟ್ ಎದುರಿಗಿದ್ದರಂತೂ ಕಣ್ಣು, ಚಾಕು, ಒರೆ ಮೂರೂ ಸೋಲುತ್ತವೆ. ಜರ್ಮೇನಿಯಮ್, ತವರ ಒಂದರ ಜಾಗಕ್ಕೆ ಇನ್ನೊಂದು ಸೇರುವುದರಿಂದ ನಡುವಿನ ಮಾದರಿಗಳೂ ಉಂಟು. ಅಲ್ಲಿ ಸಣ್ಣ ಕಣದ ಧಾತುಗಳನ್ನು ಅಳೆಯುವ ಎಲೆಕ್ಟ್ರಾನ್ ಮೈಕ್ರೋಪ್ರೋಬ್ ಬೇಕೇ ಬೇಕು. ವಿಶ್ಲೇಷಣೆಯಿಲ್ಲದ ಬೊಲಿವಿಯಾ ಮಾದರಿಗೆ ಖಚಿತ ಹೆಸರು ಬರೆಯುವುದು ದುಡುಕೆಂದೇ ನನ್ನ ಎಣಿಕೆ.

ಫ್ರೈಬರ್ಗ್‌ನ ಗಣಿಗಾರಿಕೆ 1969ರಲ್ಲಿ ನಿಂತಿತು. ಆದ್ದರಿಂದ ಅಲ್ಲಿನ ಆರ್ಜಿರೋಡೈಟನ್ನು ಸಂಗ್ರಹಿಸುವುದೆಂದರೆ ಇಂದು ಹಳೆಯ ಸಂಗ್ರಹಗಳನ್ನು ಓದುವುದು. ಮಾದರಿಯನ್ನು ಆಮ್ಲದಲ್ಲಿ ತೊಳೆಯಬಾರದು, ಗಂಧಕ ಸೂಸುವ ರಬ್ಬರಿನ ಹತ್ತಿರ ಇಡಬಾರದು, ಬೆಳಕಿಗೂ ಆದಷ್ಟು ಒಡ್ಡಬಾರದು. ಚೀಟಿಯ ವಿಷಯ ಇದಕ್ಕಿಂತ ಸೂಕ್ಷ್ಮ. ಗಣಿ, ಆಳ, ಅದಿರಿನ ಎಳೆ, ಜೊತೆಗಿದ್ದ ಖನಿಜಗಳು, ಇಷ್ಟನ್ನೂ ಬರೆಯಬೇಕು. ಯಾವ ಕಣವನ್ನು ಯಾವ ವಿಧಾನದಿಂದ ವಿಶ್ಲೇಷಿಸಿದ್ದೆಂಬುದನ್ನೂ. ಹಳೆಯ ಹೆಸರು ತಪ್ಪೆಂದು ತೋರಿದರೂ ಆ ಚೀಟಿಯನ್ನು ಎಸೆಯದೆ, ಹೊಸದನ್ನು ಅದರ ಕೆಳಗಿಡಬೇಕು. ಪ್ಲೂಸಿಂಗ್ಲಾನ್ಸ್ ಎಂದು ಬರೆದದ್ದಾದರೆ ಇನ್ನೂ ಜೋಪಾನವಾಗಿ.